ಓಡೀಲ್ ಹೊತ್ತ ದೊಡ್ಡ ಡ್ರಮ್ಮು

ಸಂಘದ ವಾರ್ಷಿಕ ಮೆರವಣಿಗೆ ಇನ್ನೇನು ಬಂದೇಬಿಟ್ಟಿತು ಎನ್ನುವಾಗ ಕ್ಲೋವಿಸ್ ರೋಶೋನ್ ಮರದಿಂದ ಬಿದ್ದ. ತನ್ನ ಮರವೂ ಅಲ್ಲ, ಪಕ್ಕದ ಮನೆಯ ಮಾ ಸೆರಫೀನಳ ಪೆಕಾನ್ ಮರ. ಉದುರಿದ ಕಾಯನ್ನೆಲ್ಲ ಅಳಿಲುಗಳೇ ಹೊತ್ತೊಯ್ಯುತ್ತಿವೆ, ಮೇಲೇ ಹೋಗಿ ಕೊಂಬೆ ಅಲ್ಲಾಡಿಸಿಬಿಡುತ್ತೇನೆ ಎಂದು ಹತ್ತಿದ್ದ. ಅರವತ್ತು ದಾಟಿದ ಮನುಷ್ಯ. ಕೊಂಬೆ ಅಲ್ಲಾಡಿತು, ಕಾಯಿ ಉದುರಿತು, ಕಾಯಿಯ ಜೊತೆಗೆ ಕ್ಲೋವಿಸನೂ ಉದುರಿದ.

ಹೆಂಡತಿ ಓಡೀಲ್ ಅಡುಗೆಮನೆಯಿಂದ ಓಡಿಬಂದಾಗ ಅವನು ಬಲಗಾಲು ಹಿಡಿದುಕೊಂಡು ಹುಲ್ಲಿನ ಮೇಲೆ ಕೂತಿದ್ದ.

"ಕೈ ನೆಟ್ಟಗಿದೆ ಕಣೆ. ಕೈಗೇನೂ ಆಗಿಲ್ಲ."

"ನೆಟ್ಟಗಿರೋ ಕೈ ಇಟ್ಕೊಂಡು ಏನ್ ಮಾಡ್ತೀಯ? ಮೆರವಣಿಗೇಲಿ ಕೈ ಮೇಲೆ ನಡೀತೀಯ?"

ಕ್ಲೋವಿಸ್ ಕಸುಬಿನಲ್ಲಿ ಗಾರೆಯವನು. ಟ್ರೆಮೆ ಕೇರಿಯ ಅರ್ಧಕ್ಕರ್ಧ ಮನೆಗಳ ಗೋಡೆಗೆ ಗಿಲಾವು ಮಾಡಿದ್ದು ಅವನೇ. ಅಂಥವನ ಕಾಲಿಗೆ ಡಾಕ್ಟರು ಪಾದದಿಂದ ಮೊಣಕಾಲಿನವರೆಗೆ ಗಿಲಾವು ಮಾಡಿ ಕಳಿಸಿದರು. ಮನೆಗೆ ಬಂದವನು ಕಾಲು ಮುರಿದದ್ದಕ್ಕಿಂತ ಹೆಚ್ಚಾಗಿ ಆ ಕೆಲಸದ ಬಗ್ಗೆಯೇ ಗೊಣಗಿದ. "ನೋಡು, ಇಲ್ಲಿ ಗಂಟು, ಇಲ್ಲಿ ಗಂಟು. ಇದನ್ನ ಕೆಲಸ ಅಂತಾರಾ?" ಕ್ರಿಸ್‌ಮಸ್‌ವರೆಗೂ ನೆಲಕ್ಕೆ ಕಾಲೂರುವ ಹಾಗಿಲ್ಲ ಎಂದಿದ್ದರು ಡಾಕ್ಟರು. ಮೆರವಣಿಗೆ ಮುಂದಿನ ಭಾನುವಾರ.

ಈ ಸುದ್ದಿ ಬೀದಿಗೆಲ್ಲ ಹಬ್ಬಲು ಹೆಚ್ಚು ಹೊತ್ತು ಬೇಕಾಗಲಿಲ್ಲ. ಆನ್ಸೆಲ್ಮ್ ದುಪ್ಲೆಸಿಯ ಬ್ಯಾಂಡಿನಲ್ಲಿ ಕ್ಲೋವಿಸ್ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ದೊಡ್ಡ ಡ್ರಮ್ಮು ಹೊತ್ತವನು. ಅವನಿಗಿಂತ ಮುಂಚೆ ಅದನ್ನು ಹೊತ್ತಿದ್ದವನು ಅವನ ಚಿಕ್ಕಪ್ಪ. ಈ ಜಾಝ್ ಸಂಗೀತ ಇನ್ನೂ ಅಂಬೆಗಾಲಿಡುತ್ತಿದ್ದ ಕಾಲದಲ್ಲಿ, ಬ್ಯಾಂಡುಗಳು ಕುದುರೆಗಾಡಿಯ ಮೇಲೆ ಕೂತು ಊರು ಸುತ್ತುತ್ತ, ಎದುರಾದ ಬ್ಯಾಂಡಿನ ಗಾಡಿಯ ಚಕ್ರಕ್ಕೆ ತಮ್ಮ ಗಾಡಿಯ ಚಕ್ರ ಕಟ್ಟಿ ಯಾರು ಸೋಲುತ್ತಾರೆ ನೋಡಿಯೇಬಿಡೋಣ ಎಂದು ಊದುತ್ತಿದ್ದ ಕಾಲದಲ್ಲಿ, ಆ ಚಿಕ್ಕಪ್ಪನ ಪೆಟ್ಟು ಊರಾಚೆಯ ಸರೋವರದ ದಡದವರೆಗೂ ಕೇಳುತ್ತಿತ್ತಂತೆ. ಈಗ ಅರವತ್ತರ ದಶಕ. ಹುಡುಗ ಹುಡುಗಿಯರು ರೇಡಿಯೋದಲ್ಲಿ ಬೇರೆ ಏನೇನೋ ಕೇಳುತ್ತಿದ್ದರು. ಹಳೆಯ ಬ್ಯಾಂಡುಗಳು ಒಂದೊಂದಾಗಿ ಮುಚ್ಚಿಹೋಗಿದ್ದವು. ಆದರೂ ಸಂಘದ ಮೆರವಣಿಗೆಗೆ, ಸಂಘದವರ ಶವಯಾತ್ರೆಗೆ, ಮದುವೆಗೆ ಆನ್ಸೆಲ್ಮನ ಬ್ಯಾಂಡೇ ಆಗಬೇಕು. ಕಾಯಿಲೆ ಬಿದ್ದವರಿಗೆ ಔಷಧಿ, ಸತ್ತವರಿಗೆ ಮಣ್ಣು ಎಂದು ಅಜ್ಜಂದಿರು ಕಟ್ಟಿದ ಸಂಘ ಅದು. ವರ್ಷಕ್ಕೊಮ್ಮೆ ಬೀದಿಗಿಳಿದು ಕುಣಿಯದಿದ್ದರೆ ಅದು ಬದುಕಿದೆಯೆಂದು ಯಾರಿಗೆ ಗೊತ್ತಾಗಬೇಕು?

ಸೋಮವಾರ ಸಂಜೆ ಬ್ಯಾಂಡಿನವರೆಲ್ಲ ಕ್ಲೋವಿಸನ ಹಿತ್ತಲಿಗೆ ಬಂದರು. ಕ್ಲೋವಿಸನನ್ನು ಹಿಂಬಾಗಿಲ ಬಳಿ ಮಂಚ ಹಾಕಿ ಮಲಗಿಸಿದ್ದರು. ಡ್ರಮ್ಮು ಹೊರಲು ಮುಂದೆ ಬಂದಿದ್ದವನು ಅವನ ದೊಡ್ಡಪ್ಪನ ಮಗ ಇಗ್ನೇಸ್. ಬಂದರಿನಲ್ಲಿ ಹಡಗಿನಿಂದ ಬಾಳೆಗೊನೆ ಇಳಿಸುವ ಕೆಲಸ ಅವನದು. ಎರಡು ಗೊನೆಗಳನ್ನು ಎರಡು ಹೆಗಲಿಗೆ ಹಾಕಿಕೊಂಡು ಶಿಳ್ಳೆ ಹೊಡೆಯುತ್ತ ನಡೆಯುವ ಆಳು.

"ಇದೇನ್ ಮಹಾ! ಹೊಡೆದ್ರೆ ಸದ್ದು ಬರತ್ತೆ, ಹೊಡೀದಿದ್ರೆ ಬರಲ್ಲ," ಎಂದು ಡ್ರಮ್ಮನ್ನು ಹೆಗಲಿಗೇರಿಸಿದ.

ಹೊಡೆದ. ಸದ್ದೇನೋ ಬಂತು. ಮಾ ಸೆರಫೀನಳ ಕೋಳಿಗಳು ಗೂಡು ಬಿಟ್ಟು ಬೇಲಿ ಹತ್ತಿದವು. ಈ ಸಂಗೀತದ ಜೀವವಿರುವುದು ನಾಲ್ಕನೆಯ ಪೆಟ್ಟಿನಲ್ಲಿ. ಮೂರು ಹೆಜ್ಜೆ ಸುಮ್ಮನೆ ನಡೆಸಿ, ನಾಲ್ಕಕ್ಕೆ ಒಂದು ಗುದ್ದು ಗುದ್ದಿದರೆ ಎದುರಿಗಿದ್ದವನ ಸೊಂಟ ತಾನಾಗಿ ತಿರುಗಬೇಕು. ಇಗ್ನೇಸನಿಗೆ ನಾಲ್ಕೂ ಒಂದೇ. ನಾಲ್ಕನ್ನೂ ಹಗೆಯವನ ಬೆನ್ನಿಗೆ ಗುದ್ದಿದಂತೆ ಗುದ್ದಿದ. ಅದೂ ಸಾಲದೆಂದು ಗುದ್ದುತ್ತ ಗುದ್ದುತ್ತ ಓಟಕ್ಕೆ ಬಿದ್ದ. ಆನ್ಸೆಲ್ಮನ ಟ್ರಂಪೆಟ್ಟು ಹಿಂದಕ್ಕೆಳೆದರೆ ಇಗ್ನೇಸನ ಡ್ರಮ್ಮು ಮುಂದಕ್ಕೆಳೆಯಿತು. ಎತ್ತು ಏರಿಗೆ, ಕೋಣ ನೀರಿಗೆ. ನಡುವೆ ಸಿಕ್ಕಿಕೊಂಡ ಟ್ಯೂಬಾದವನು ಉಸಿರು ಸಾಲದೆ ಕೆನ್ನೀಲಿಯಾದ.

ಒಳಗೆ ಓಡೀಲ್ ಒಲೆಯ ಮುಂದೆ ನಿಂತಿದ್ದಳು. ಸೋಮವಾರವೆಂದರೆ ಆ ಊರಿನಲ್ಲಿ ಎಲ್ಲರ ಮನೆಯಲ್ಲೂ ಕೆಂಪು ಕಾಳು. ಬೆಳಗಿನಿಂದ ಬೇಯುತ್ತಿದ್ದ ಕಾಳು ಈಗ ಹದಕ್ಕೆ ಬರುತ್ತಿತ್ತು. ಹೊರಗಿನ ಗದ್ದಲ ಅವಳಿಗೆ ಹಲ್ಲಿನ ಸಂದಿಗೆ ಸಿಕ್ಕಿಕೊಂಡ ನಾರಿನಂತಾಗಿತ್ತು. ಅವಳಪ್ಪ ಸರೋವರದ ದಡದ ಕುಣಿತದ ಮನೆಗಳಲ್ಲಿ ಕ್ಲಾರಿನೆಟ್ ಊದಿದವನು. ಚಿಕ್ಕವಳಿದ್ದಾಗ ಡ್ರಮ್ಮಿನವನ ಪಕ್ಕದಲ್ಲೇ ನೆಲದ ಮೇಲೆ ಕೂರುತ್ತಿದ್ದಳು. ಒಂದು ಸಲ ಹೊಡೆಯಲು ಬಿಡಿ ಎಂದು ಎಷ್ಟು ಕಾಡಿದರೂ ಹುಡುಗಿಗೆ ಯಾರೂ ಕೋಲು ಕೊಟ್ಟಿರಲಿಲ್ಲ. "ನಂಗೆ ಡ್ರಮ್ಮು ಕೊಡ್ಲಿಲ್ಲ, ಡ್ರಮ್ಮಿನೋನನ್ನ ಕೊಟ್ರು" ಎಂದು ಈಗಲೂ ನಗುತ್ತ ಹೇಳುತ್ತಿದ್ದಳು. ಮದುವೆಯಾದ ಮೇಲೆ ಪ್ರತಿ ಮೆರವಣಿಗೆಗೂ ರಸ್ತೆಯ ಬದಿಯಲ್ಲಿ ಕುಣಿಯುತ್ತ ಹೋಗಿ, ಮನೆಗೆ ಬಂದ ಮೇಲೆ "ಆ ತಿರುವಿನಲ್ಲಿ ಎಳೆದೆ, ಈ ತಿರುವಿನಲ್ಲಿ ತಡವರಿಸಿದೆ" ಎಂದು ಗಂಡನ ತಪ್ಪು ಹುಡುಕುವುದೇ ಅವಳ ಪಾಲಿಗೆ ಉಳಿದಿತ್ತು.

ಈಗ ತಡೆಯಲಾರದೆ ಸೌಟು ತೆಗೆದುಕೊಂಡು ಪಾತ್ರೆಯ ಮುಚ್ಚಳಕ್ಕೆ ನಾಲ್ಕನೆಯ ಪೆಟ್ಟು ಹಾಕಿದಳು. ಸುಮ್ಮನೆ, ತನ್ನ ತಲೆಯೊಳಗಿನ ಲೆಕ್ಕ ತಪ್ಪದಿರಲೆಂದು. ಮತ್ತೊಂದು. ಮತ್ತೊಂದು. ಹೊರಗೆ ಟ್ರಾಂಬೋನು ಮೆಲ್ಲನೆ ಆ ಕಡೆಗೆ ವಾಲಿತು. ಸಣ್ಣ ಡ್ರಮ್ಮಿನವನು ಹೊಂದಿಕೊಂಡ. ಟ್ಯೂಬಾದವನ ಮುಖಕ್ಕೆ ಬಣ್ಣ ಮರಳಿತು. ಪದ ಎಣ್ಣೆ ಬಿಟ್ಟ ಗಾಡಿಯಂತೆ ಉರುಳತೊಡಗಿತು.

ಆನ್ಸೆಲ್ಮ್ ಕಣ್ಣುಮುಚ್ಚಿ ಊದುತ್ತಿದ್ದ. ಪದ ಮುಗಿಸಿ ತುಟಿ ಒರೆಸಿಕೊಂಡು, "ಹಾಂ, ನೋಡಿದ್ಯಾ, ಆಮೇಲಾಮೇಲೆ ದಾರಿಗೆ ಬಂದೆ ಇಗ್ನೇಸ," ಎಂದ.

ಇಗ್ನೇಸ್ ಬೇಲಿಗೊರಗಿ ಬೀಡಾಡಿಯಂತೆ ನಿಂತಿದ್ದ. "ನಾನಾ? ನಾನು ನಿಲ್ಸಿ ಎಷ್ಟೋ ಹೊತ್ತಾಯ್ತಲ್ಲ ಅಣ್ಣ. ಕೈ ನೋವು ಬಂತು."

ಎಲ್ಲರೂ ಅಡುಗೆಮನೆಯ ಕಿಟಕಿಯತ್ತ ತಿರುಗಿದರು. ಓಡೀಲ್ ಎತ್ತಿದ ಸೌಟನ್ನು ಇಳಿಸುವುದನ್ನೂ ಮರೆತು ನಿಂತಳು.

ಬೇಲಿಯ ಆಚೆಯಿಂದ ಗಹಗಹ ನಗು ಕೇಳಿತು. ಮಾ ಸೆರಫೀನ್. ಆನ್ಸೆಲ್ಮನ ತಾಯಿ, ಎಂಬತ್ತು ದಾಟಿ ಎಷ್ಟೋ ಆದವಳು. ತೂಗುಕುರ್ಚಿಯನ್ನು ಬೇಲಿಯ ಹತ್ತಿರಕ್ಕೇ ಎಳೆಸಿಕೊಂಡು ಕೂತಿದ್ದಳು. "ಇನ್ನೇನ್ ಹುಡುಕ್ತೀಯೋ ಮಗನೆ? ಕಂಕುಳಲ್ಲೇ ಇದೆ ಕೂಸು, ಊರೆಲ್ಲ ಡಂಗುರ ಹೊಡೀತಿದ್ದೀಯ."

"ಅಮ್ಮ, ಸುಮ್ನಿರು. ಹೆಂಗಸರು ಪಿಯಾನೊ ನುಡಿಸ್ತಾರೆ, ಬೇಡ ಅಂದೋರ್ಯಾರು? ಅದು ಒಳಗೆ ಕೂತು ನುಡಿಸೋದು. ದೊಡ್ಡ ಡ್ರಮ್ಮು ಹೊತ್ಕೊಂಡು ಬೀದೀಲಿ ನಡೆಯೋದು ಬೇರೆ. ಎಲ್ಲಾದ್ರೂ ಉಂಟಾ?"

"ನಾನೇನು ಕೇಳಿದ್ನಾ ಅಣ್ಣ?" ಎಂದಳು ಓಡೀಲ್ ಕಿಟಕಿಯಿಂದಲೇ. ಆದರೆ ಮುಖ ಬಿಸಿಯಾಗಿತ್ತು. ಕೇಳಿರಲಿಲ್ಲ, ನಿಜ. ಕೇಳಬಹುದಿತ್ತು ಎಂಬುದೇ ಆ ಕ್ಷಣದವರೆಗೆ ಅವಳಿಗೆ ಹೊಳೆದಿರಲಿಲ್ಲ.

ಆನ್ಸೆಲ್ಮ್ ದನಿ ತಗ್ಗಿಸಿದ. ಅವನು ಕೆಟ್ಟವನಲ್ಲ. "ನೋಡು ತಂಗಿ, ಬೇಜಾರು ಮಾಡ್ಕೋಬೇಡ. ಇದು ನಮ್ಮಪ್ಪ ಕೊಟ್ಟು ಹೋದ ಬ್ಯಾಂಡು. ಇದ್ದದ್ದನ್ನ ಇದ್ದ ಹಾಗೆ ಉಳಿಸ್ಕೊಂಡು ಹೋಗೋದಷ್ಟೇ ನನ್ನ ಕೆಲಸ. ಇವತ್ತು ಒಂದು ಬದಲಾಯಿಸಿದ್ರೆ ನಾಳೆ ಇನ್ನೊಂದು. ಕೊನೆಗೆ ಉಳಿಯೋದೇನು?"

"ನಿಮ್ಮಪ್ಪ!" ಎಂದಳು ಮಾ ಸೆರಫೀನ್. "ನಿಮ್ಮಪ್ಪ ಪಾರ್ಕಿನಲ್ಲಿ ಊದ್ತಿದ್ದಾಗ ಇದಕ್ಕೆ ಒಂದು ಹೆಸರೂ ಇರ್ಲಿಲ್ಲ ಕಣೋ. ಪಾದ್ರಿ ದೆವ್ವದ ಕುಣಿತ ಅಂತಿದ್ರು, ನಮ್ಮಮ್ಮ ಕಿವಿ ಮುಚ್ಕೋ ಅಂತಿದ್ಲು. ಹೆಸರೇ ಇಲ್ಲದ್ದಕ್ಕೆ ಕಟ್ಟಳೆ ಎಲ್ಲಿಂದ ಬಂತು? ಯಾರ್ಗೆ ಬರತ್ತೋ ಅವ್ರು ಹೊಡೀತಿದ್ರು, ಯಾರ್ಗೆ ಕಾಲಿದೆಯೋ ಅವ್ರು ಕುಣೀತಿದ್ರು. ಹೂಂ, ನೀನು ದೊಡ್ಡೋನಾಗಿದ್ದೀಯ, ನಿನ್ನಿಷ್ಟ. ಭಾನುವಾರ ಇಗ್ನೇಸನೇ ಹೊಡೀಲಿ. ನಾನು ಮನೇಲೇ ಇರ್ತೀನಿ, ನನ್ನ ಕೋಳಿಗಳನ್ನ ಸಮಾಧಾನ ಮಾಡ್ಕೊಂಡು."

ಟ್ಯೂಬಾದವನು ಕೆಮ್ಮಿ, "ನಾನೂ ಅಜ್ಜಿ ಜೊತೆ ಕೋಳಿ ನೋಡ್ಕೋತೀನಿ," ಎಂದ. ಇಗ್ನೇಸ್ ಆಗಲೇ ಪಟ್ಟಿ ಕಳಚಿ ಡ್ರಮ್ಮನ್ನು ಕೆಳಗಿಟ್ಟಿದ್ದ. "ನಂಗೇನೂ ಬೇಜಾರಿಲ್ಲಪ್ಪ. ಬಾಳೆಗೊನೇನೇ ವಾಸಿ, ಅದು ತಪ್ಪು ಹುಡುಕಲ್ಲ. ಅತ್ತಿಗೆ, ಕಾಳು ಆಯ್ತಾ?"

ಆನ್ಸೆಲ್ಮ್ ಬಹಳ ಹೊತ್ತು ಟ್ರಂಪೆಟ್ಟಿನ ಬಾಯಿ ಉಜ್ಜಿದ. ಕೊನೆಗೆ, "ಟೋಪಿ ಹಾಕ್ಕೋಬೇಕು, ಬಿಳಿ ಅಂಗಿ, ಕಪ್ಪು ಟೈ. ಎಲ್ಲಾರ ಹಾಗೆ," ಎಂದ, ಯಾರ ಮುಖವನ್ನೂ ನೋಡದೆ.

ಮಂಚದ ಮೇಲಿದ್ದ ಕ್ಲೋವಿಸ್ ಮಾತ್ರ ಅನ್ನದ ಮೇಲೆ ಕಾಳು ಹಾಕಿಸಿಕೊಂಡು, ಡ್ರಮ್ಮಿನ ಕಡೆ ನೋಡದೆ ತಿಂದ.

ಮರುದಿನದಿಂದ ಓಡೀಲ್ ಹಿತ್ತಲಿನಲ್ಲಿ ಡ್ರಮ್ಮು ಹೊತ್ತು ನಡೆದು ನೋಡಿದಳು. ಮುಚ್ಚಳಕ್ಕೆ ಬಡಿದಷ್ಟು ಸುಲಭವಲ್ಲ ಅದು. ಬಸುರಿಯ ಹೊಟ್ಟೆಯಂತೆ ಮುಂದೆ ನಿಂತು ಕಾಲ ಕೆಳಗಿನ ನೆಲವನ್ನೇ ಮರೆಮಾಡುತ್ತಿತ್ತು. ಬಲಗೈಗೆ ಗುಂಡುಕೋಲು, ಎಡಗೈಗೆ ಡ್ರಮ್ಮಿನ ಮೇಲೆ ಕೂರಿಸಿದ ಹಿತ್ತಾಳೆಯ ತಾಳ. ಒಂದು ನೆನಪಾದರೆ ಇನ್ನೊಂದು ಮರೆಯುತ್ತಿತ್ತು. ಪಟ್ಟಿ ಹೆಗಲಿನಿಂದ ಜಾರಿ ಜಾರಿ ಕತ್ತನ್ನು ಕೊಯ್ಯುತ್ತಿತ್ತು.

"ಹೆಂಗ್ ಹಿಡ್ಕೋಬೇಕು ಹೇಳೋ," ಎಂದಳು ಗಂಡನಿಗೆ.

"ಎಲ್ಲಾ ಗೊತ್ತಿರೋಳಿಗೆ ನಾನೇನ್ ಹೇಳ್ಲಿ? ಮೂವತ್ತು ವರ್ಷ ನಂಗೆ ಹೇಳ್ಕೊಟ್ಟಿದ್ದೀಯ," ಎಂದು ಅವನು ಗೋಡೆಯತ್ತ ಹೊರಳಿದ. "ಅಷ್ಟು ಜೋರು ಬೇಡ, ಚರ್ಮ ಹರಿಯತ್ತೆ."

ಓಡೀಲ್‌ಗೆ ಸಿಟ್ಟು ಬಂತು. ಸಿಟ್ಟಿನ ಕೆಳಗೆ ಬೇರೇನೋ ಇತ್ತು. ಅವನದ್ದನ್ನು ತಾನು ಕಿತ್ತುಕೊಳ್ಳುತ್ತಿದ್ದೇನೆಯೇ? ಬೇಡ ಎಂದುಬಿಡಲೇ? ಎರಡು ದಿನ ಇದೇ ಯೋಚನೆ. ಗುರುವಾರ ಮಧ್ಯಾಹ್ನ ಮಾರ್ಕೆಟ್ಟಿನಿಂದ ಬೆಂಡೆಕಾಯಿ, ಸೀಗಡಿ ತಂದು ಒಳಗೆ ಕಾಲಿಟ್ಟರೆ ಕ್ಲೋವಿಸ್ ಮಂಚದ ಮೇಲೆ ಎದ್ದು ಕೂತಿದ್ದ. ತೊಡೆಯ ಮೇಲೆ ಡ್ರಮ್ಮಿನ ಪಟ್ಟಿ. ದಬ್ಬಳ ಹಿಡಿದು ಅದಕ್ಕೆ ಹೊಸ ತೂತುಗಳನ್ನು ಹಾಕಿದ್ದ. ಹೆಗಲ ಮೇಲೆ ಬರುವ ಕಡೆ ಅವಳ ಹಳೆಯ ಚಳಿಗಾಲದ ಕೋಟಿನ ತುಂಡೊಂದನ್ನು ದಪ್ಪವಾಗಿ ಮಡಚಿ ಹೊಲಿದಿದ್ದ.

"ಬಾ ಇಲ್ಲಿ. ನಿಂತ್ಕೋ," ಎಂದು ಅವಳ ಹೆಗಲಿಗೆ ಹಾಕಿ ಅಳತೆ ನೋಡಿದ. "ಇನ್ನೊಂದ್ ತೂತು ಮೇಲೆ ಬೇಕು. ನಿಂದು ಗಿಡ್ಡ ಮೈ."

"ನಿಂದೇನು ಚರ್ಚಿನ ಗೋಪುರವಾ?"

ಅವನು ನಕ್ಕ. ಆಮೇಲೆ ತಲೆ ಎತ್ತದೆ ಹೇಳಿದ: "ನೆಲ ನೋಡಕ್ಕೆ ಹೋಗ್ಬೇಡ. ನೆಲ ಎಲ್ಲೂ ಹೋಗಲ್ಲ. ಟ್ಯೂಬಾದವನ ಬೆನ್ನು ನೋಡ್ಕೊಂಡು ಹೋಗು."

ಭಾನುವಾರ ಬಿಸಿಲು ಹದವಾಗಿತ್ತು. ಚರ್ಚಿನ ಪೂಜೆ ಮುಗಿದ ಮೇಲೆ ಸಂಘದವರು ಹಳದಿ ಪಟ್ಟಿ ಧರಿಸಿ, ಗರಿ ಕಟ್ಟಿದ ಬೀಸಣಿಗೆ, ಝರಿಯ ಕೊಡೆ ಹಿಡಿದು ಸಾಲಾದರು. ಕ್ಲೋವಿಸನ ಟೋಪಿ ಓಡೀಲ್‌ಗೆ ದೊಡ್ಡದಾಗಿ ಕಣ್ಣಿಗೇ ಇಳಿಯುತ್ತಿತ್ತು. ಮಾ ಸೆರಫೀನ್ ಅದರೊಳಗೆ ಹಳೇ ಪೇಪರು ತುರುಕಿ ಕೂರಿಸಿದಳು. ಆನ್ಸೆಲ್ಮ್ ಟ್ರಂಪೆಟ್ಟೆತ್ತಿ ಕರೆದ. ಬ್ಯಾಂಡು ಹೊರಟಿತು.

ಮೊದಲ ಬೀದಿ ಚೆನ್ನಾಗಿ ಆಗಲಿಲ್ಲ. ಓಡೀಲ್ ತನ್ನ ಗಂಡ ಹೊಡೆಯುವಂತೆಯೇ ಹೊಡೆಯಲು ನೋಡಿದಳು. ಪೆಟ್ಟು ತಪ್ಪಲಿಲ್ಲ, ಆದರೆ ಪರೀಕ್ಷೆಗೆ ಕೂತ ಮಗುವಿನ ಅಕ್ಷರದಂತೆ ಎಲ್ಲ ಬಿಗಿ ಬಿಗಿ. ಹಿಂದೆ ಬರುತ್ತಿದ್ದ ಜನ ಕುಣಿಯದೆ ಬರೀ ನಡೆಯುತ್ತಿದ್ದರು. ಮದ್ಯದಂಗಡಿಯ ಮೆಟ್ಟಿಲ ಮೇಲೆ ಕೂತಿದ್ದ ಗಂಡಸೊಬ್ಬ ಕೂಗಿದ:

"ಅಕ್ಕಾ! ಮನೇಲಿ ಅನ್ನ ಸೀದು ಹೋಗ್ತಿದೆ!"

"ನಿನ್ನ ಹೆಂಡ್ತಿ ನೋಡ್ಕೋತಿದ್ದಾಳೆ ಬಿಡೋ, ನೀನಂತೂ ಮನೇಲಿರಲ್ಲ!" ಎಂದಳು ಓಡೀಲ್. ಮೆಟ್ಟಿಲಿನವರೆಲ್ಲ ಹೋ ಎಂದು ನಕ್ಕರು. ಮಾತು ಗೆದ್ದಿತು, ಆದರೆ ಮಾತಾಡುವಾಗ ಟ್ಯೂಬಾದವನ ಬೆನ್ನಿನಿಂದ ಕಣ್ಣು ತಪ್ಪಿತ್ತು. ಡುಮೇನ್ ಬೀದಿಯ ತಿರುವಿನಲ್ಲಿ ಎಡಗಾಲು ಗುಂಡಿಗಿಳಿಯಿತು. ಮೈ ಮುಗ್ಗರಿಸಿತು. ಕೋಲು ಗಾಳಿಯಲ್ಲೇ ಉಳಿಯಿತು. ನಾಲ್ಕನೆಯ ಪೆಟ್ಟು ಬೀಳಲೇ ಇಲ್ಲ.

ಆ ಖಾಲಿ ಜಾಗಕ್ಕೆ ಇಡೀ ಬೀದಿ ಒಟ್ಟಿಗೆ ಚಪ್ಪಾಳೆ ಹಾಕಿತು. ಯಾರೂ ಯೋಚಿಸಿ ಹಾಕಿದ್ದಲ್ಲ. ಎಲ್ಲರ ಮೈಯೂ ಆ ಪೆಟ್ಟಿಗೆ ಕಾದಿತ್ತು. ಅದು ಬಾರದಾಗ ತಾವೇ ಕೊಟ್ಟುಬಿಟ್ಟರು. ಒಬ್ಬ ಮುದುಕಿಯಂತೂ "ಆಹಾ!" ಎಂದು ಹಾರಿಯೇಬಿಟ್ಟಳು.

ಓಡೀಲ್ ನೆಟ್ಟಗಾದಳು. ಅವಳಿಗೆ ನಗು ಬಂತು. ಈ ಜನ ಯಾರೆಂದು ಅವಳಿಗೆ ಗೊತ್ತಿಲ್ಲವೇ? ಇಷ್ಟು ವರ್ಷ ಇವರ ನಡುವೆಯೇ ಇದ್ದವಳು. ಯಾವ ಪೆಟ್ಟಿಗೆ ಸೊಂಟ ತಿರುಗುತ್ತದೆ, ಎಲ್ಲಿ ಒಂದು ಚೂರು ಕಾಯಿಸಿದರೆ ಕಾಲು ತಡೆಯಲಾರದೆ ನೆಲ ಬಿಡುತ್ತದೆ, ಇದೆಲ್ಲ ಅವಳ ಮೈಗೇ ಗೊತ್ತು. ಗಂಡನಂತೆ ಹೊಡೆಯುವುದನ್ನು ಬಿಟ್ಟಳು. ಮುಂದಿನ ಸಲ ಬೇಕೆಂದೇ ನಾಲ್ಕನ್ನು ಕೂದಲೆಳೆಯಷ್ಟು ತಡೆದು ಹಿಡಿದು, ಜನ ಉಸಿರು ಬಿಗಿಹಿಡಿದ ಮೇಲೆ, ಢಂ ಎಂದು ಬಿಟ್ಟಳು. ಕೊಡೆಗಳೆಲ್ಲ ಒಟ್ಟಿಗೆ ಮೇಲೆದ್ದವು. ಟ್ರಾಂಬೋನಿನವನು ಹಿಂತಿರುಗಿ ನೋಡಿ ಕಣ್ಣು ಹೊಡೆದ. ಆನ್ಸೆಲ್ಮ್ ಹಿಂತಿರುಗಲಿಲ್ಲ, ಆದರೆ ಅವನ ಟ್ರಂಪೆಟ್ಟು ಆ ವರ್ಷವೆಲ್ಲ ಏರದಿದ್ದ ಎತ್ತರಕ್ಕೆ ಏರಿ ಅಲ್ಲೇ ನಿಂತು ಕೇಕೆ ಹಾಕಿತು.

ರೋಶೋನರ ಮನೆಯ ಮುಂದೆ ಕ್ಲೋವಿಸನನ್ನು ಜಗುಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದ್ದರು. ಪಕ್ಕದಲ್ಲಿ ಇಗ್ನೇಸ್ ಕಾವಲು. ಬ್ಯಾಂಡು ಹತ್ತಿರವಾದಂತೆ ಕ್ಲೋವಿಸ್ ಹುಬ್ಬುಗಂಟಿಕ್ಕಿ, ತಲೆ ಓರೆ ಮಾಡಿ ಕೇಳಿದ. ಓಡೀಲ್‌ಗೆ ಆ ಮುಖ ಕಂಡಿತು.

"ನಿಧಾನಾ!" ಎಂದು ಕೂಗಿದ ಅವನು. "ಓಡ್ತಿದ್ದೀಯ ಕಣೆ!"

ಓಡೀಲ್ ಇನ್ನೊಂದು ಚೂರು ವೇಗ ಏರಿಸಿದಳು. ಜಗುಲಿಯ ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಕ್ಲೋವಿಸ್ ಮತ್ತೇನೋ ಕೂಗಲು ಬಾಯಿ ತೆರೆದ. ಅಷ್ಟರಲ್ಲಿ ಹೆಗಲು ಅಲ್ಲಾಡಿತು. ಆಮೇಲೆ ಇನ್ನೊಂದು ಹೆಗಲು. ಗಿಲಾವಿನ ಕಾಲು ಕುರ್ಚಿಯ ಮುಂದೆ ತೊಟ್ಟಿಲಿನಂತೆ ತೂಗತೊಡಗಿತು. ಬ್ಯಾಂಡು ಮುಂದೆ ಸಾಗುವುದನ್ನು ಕಂಡು ಅವನು ಇಗ್ನೇಸನ ತೋಳು ಹಿಡಿದ.

"ಲೋ, ನನ್ನ ಎತ್ಕೊಳ್ಳೋ."

"ನೀನೇನ್ ಬಾಳೆಗೊನೇನಾ?"

"ಎತ್ತೋ ಅಂದ್ರೆ!"

ಬೀದಿಯಲ್ಲಿ ತರಕಾರಿ ಮಾರುವವನ ತಳ್ಳುಗಾಡಿ ನಿಂತಿತ್ತು. ಇಗ್ನೇಸ್ ಕ್ಲೋವಿಸನನ್ನು ಅನಾಮತ್ತಾಗಿ ಎತ್ತಿ ಗೆಣಸು, ಎಲೆಕೋಸಿನ ನಡುವೆ ಕೂರಿಸಿ ತಳ್ಳಿಕೊಂಡೇ ಹೊರಟ. ಹಿಂದೆ ತರಕಾರಿಯವನು ಬೈಯುತ್ತ ಓಡಿಬಂದ; ಎರಡು ಹೆಜ್ಜೆ ಹಾಕುವಷ್ಟರಲ್ಲಿ ಅವನೂ ಕುಣಿಯುತ್ತಿದ್ದ. ಯಾರೋ ಕ್ಲೋವಿಸನ ಕೈಗೆ ಕೊಡೆ ಕೊಟ್ಟರು. ಕ್ಲೇಬೋರ್ನ್ ರಸ್ತೆಯ ಓಕ್ ಮರಗಳ ನೆರಳಿನಲ್ಲಿ ಮೆರವಣಿಗೆ ಸಾಗುವಾಗ, ಸೊಂಟದಿಂದ ಮೇಲಷ್ಟೇ ಕುಣಿಯುತ್ತ, ಕೊಡೆಯನ್ನು ಆಕಾಶಕ್ಕೆ ಚುಚ್ಚುತ್ತ ಗಾಡಿಯಲ್ಲಿ ಬಂದವನನ್ನು ನೋಡಿ ಓಡೀಲ್ ನಗು ತಡೆಯಲಾರದೆ ತಾಳವನ್ನೇ ಮರೆತಳು.

ಮಧ್ಯೆ ಬ್ಯಾಂಡು ದಣಿವಾರಿಸಿಕೊಳ್ಳಲು ನಿಂತಾಗ ಅವಳು ಡ್ರಮ್ಮು ಇಳಿಸಿ ಗಾಡಿಯ ಬಳಿ ಹೋದಳು. ಅಂಗಿ ಬೆವರಿಗೆ ಮೈಗಂಟಿತ್ತು.

"ಹೇಳು, ಎಲ್ಲೆಲ್ಲಿ ತಪ್ಪು ಮಾಡ್ದೆ? ನನ್ನ ಸರದಿ, ಬೈಸ್ಕೋತೀನಿ."

ಕ್ಲೋವಿಸ್ ತಣ್ಣನೆಯ ಬಿಯರಿನ ಬಾಟಲನ್ನು ಅವಳ ಕೈಗಿಟ್ಟ. ಅವನ ಕಣ್ಣುಗಳು ಹೊಳೆಯುತ್ತಿದ್ದವು. "ಓಡೀಲ್, ಇಷ್ಟೂ ವರ್ಷ ನನ್ನ ಬೆನ್ನ ಹಿಂದೆ ಇಷ್ಟೆಲ್ಲ ನಡೀತಿತ್ತಾ? ಈ ಕುಣಿತ, ಈ ಕೊಡೆ, ಆ ಮುದುಕಿ ಕಂಬ ಹತ್ತಿದ್ಲು ನೋಡಿದ್ಯಾ? ನಂಗೆ ಬರೀ ಟ್ಯೂಬಾದವನ ಬೆನ್ನು ಕಾಣ್ತಿತ್ತು ಕಣೆ. ಯಾಕೆ ಒಂದ್ ದಿನಾನೂ ಹೇಳ್ಲಿಲ್ಲ?"

"ದಿನಾ ಹೇಳ್ತಿದ್ದೆ. ನೀನು ಅದನ್ನ ಬೈಗುಳ ಅಂದ್ಕೊಂಡೆ."

ಕ್ರಿಸ್‌ಮಸ್‌ಗೆ ಮುಂಚೆ ಗಿಲಾವು ಬಿಚ್ಚಿದರು. ಕಾಲು ಸಣಕಲಾಗಿತ್ತು, ಆದರೆ ನೆಟ್ಟಗೆ ಕೂಡಿತ್ತು. ಮಾರ್ಚಿನಲ್ಲಿ ಸಂತ ಜೋಸೆಫನ ಹಬ್ಬದ ಹೊತ್ತಿಗೆ ಮತ್ತೊಂದು ಮೆರವಣಿಗೆ ಗೊತ್ತಾಯಿತು. ಹಿಂದಿನ ದಿನ ಓಡೀಲ್ ಡ್ರಮ್ಮಿನ ಹಿತ್ತಾಳೆಯನ್ನೆಲ್ಲ ಉಜ್ಜಿ ಹೊಳೆಸಿ, ಪಟ್ಟಿಯನ್ನು ಗಂಡನ ಅಳತೆಗೆ ಸರಿಮಾಡಿ, ಅವನ ಕುರ್ಚಿಯ ಪಕ್ಕ ತಂದಿಟ್ಟಳು. ಹೆಗಲಿಗೆ ಹೊಲಿದ ಕೋಟಿನ ತುಂಡನ್ನು ಒಮ್ಮೆ ಸವರಿ ಅಡುಗೆಮನೆಗೆ ಹೋದಳು.

ಮರುದಿನ ಬೆಳಿಗ್ಗೆ ಆನ್ಸೆಲ್ಮ್ ಕ್ಲೋವಿಸನನ್ನು ಕಂಡು, "ಬಂದ್ಯಾ? ಒಳ್ಳೇದಾಯ್ತು," ಎಂದ. ಆಮೇಲೆ ರಸ್ತೆಬದಿಯಲ್ಲಿ ನಿಂತ ಓಡೀಲ್‌ಳತ್ತ ನೋಡಿ, ಟೋಪಿ ಮುಟ್ಟಿ, ತನ್ನ ಬೂಟನ್ನು ನೋಡಿಕೊಂಡ. ಅವನ ಒಳ್ಳೇದಾಯ್ತಿನಲ್ಲಿ ಅಷ್ಟೇನೂ ಒಳ್ಳೇದಾದಂತಿರಲಿಲ್ಲ.

ಕ್ಲೋವಿಸ್ ಚೆನ್ನಾಗಿಯೇ ಹೊಡೆದ. ಮೊದಲ ಬೀದಿ, ಎರಡನೆಯ ಬೀದಿ. ಓಡೀಲ್ ಎಂದಿನಂತೆ ಬದಿಯಲ್ಲಿ ಕುಣಿಯುತ್ತ ಹೋದಳು. ಆದರೆ ಇವನು ಟ್ಯೂಬಾದವನ ಬೆನ್ನು ನೋಡುವುದು ಬಿಟ್ಟು ಪದೇ ಪದೇ ಹಿಂದೆ ತಿರುಗುತ್ತಿದ್ದುದನ್ನು ಅವಳು ಗಮನಿಸಿದಳು. ಮದುವೆ ಮನೆಯ ಬಾಗಿಲಲ್ಲಿ ನಿಂತು ಒಳಗೆ ಇಣುಕುವವನ ಹಾಗೆ. ಒಂದು ಸಲ ಕತ್ತು ತಿರುಗಿಸಿಕೊಂಡೇ ಹೋಗಿ ಸಣ್ಣ ಡ್ರಮ್ಮಿನವನಿಗೆ ಡಿಕ್ಕಿ ಹೊಡೆದ.

ಮೊದಲ ನಿಲುಗಡೆಯಲ್ಲಿ ಪಟ್ಟಿ ಕಳಚಿದವನೇ ನೇರ ಅವಳ ಬಳಿ ಬಂದ. "ಕಾಲು ನೋಯ್ತಿದೆ ಕಣೆ. ಇನ್ನು ನಂಗಾಗಲ್ಲ. ನೀನೇ ತಗೋ."

"ಯಾವ ಕಾಲು?"

"ಇದು," ಎಂದು ಎಡಗಾಲು ತೋರಿಸಿದ.

"ಮುರಿದಿದ್ದು ಬಲಗಾಲು ಕಣೋ."

ಕ್ಲೋವಿಸ್ ಸುತ್ತಲೂ ನೋಡಿ, ಅವಳ ಕಿವಿಗೆ ಬಾಗಿ, "ನಂಗೆ ಕುಣೀಬೇಕು," ಎಂದ. ಐವತ್ತು ವರ್ಷ ಚಿಕ್ಕವನಾದವನಂತೆ ಮುಖ ಕೆಂಪಾಗಿಸಿಕೊಂಡು ಹೇಳಿದ. "ಈಗಲಾದ್ರೂ ಕುಣೀದಿದ್ರೆ ಇನ್ನು ಯಾವಾಗ ಕುಣೀಲಿ? ನೀನ್ ಹೊಡಿ. ನಿನ್ನ ಪೆಟ್ಟಿಗೇ ನಂಗೆ ಕಾಲು ಬರೋದು."

ಓಡೀಲ್ ಅವನ ತಲೆಯಿಂದ ಟೋಪಿ ಕಿತ್ತು ತನ್ನ ತಲೆಗಿಟ್ಟುಕೊಂಡಳು. ಆನ್ಸೆಲ್ಮ್ ಇದನ್ನೆಲ್ಲ ನೋಡುತ್ತಿದ್ದ. ಯಾರೂ ಕೇಳದಿದ್ದರೂ, "ತಡ ಮಾಡ್ಬೇಡ ತಂಗಿ, ಜನ ಕಾಯ್ತಿದ್ದಾರೆ," ಎಂದ.

ಮಿಕ್ಕ ದಾರಿಯುದ್ದಕ್ಕೂ ಕ್ಲೋವಿಸ್ ಕುಣಿದ. ಊರಿನಲ್ಲೇ ಅಷ್ಟು ಕೆಟ್ಟದಾಗಿ ಕುಣಿಯುವವನು ಇನ್ನೊಬ್ಬನಿರಲಿಲ್ಲ. ಬಲಕ್ಕೆ ಹೋಗಬೇಕಾದಲ್ಲಿ ಎಡಕ್ಕೆ ಹೋದ, ಸಂಘದ ಅಧ್ಯಕ್ಷೆಯ ಗರಿ ಬೀಸಣಿಗೆಯ ಮೇಲೆ ಕಾಲಿಟ್ಟ, ಕೊಡೆಯಿಂದ ಪಾದ್ರಿಯ ಟೋಪಿ ಹಾರಿಸಿದ. ಜಗುಲಿಯಿಂದ ಮಾ ಸೆರಫೀನ್ ಕಣ್ಣೀರು ಒರೆಸಿಕೊಳ್ಳುತ್ತ ನಕ್ಕಳು. ಮೂವತ್ತು ವರ್ಷ ಇಡೀ ಬೀದಿಯನ್ನು ಕುಣಿಸಿದವನಿಗೆ ತನ್ನ ಕಾಲನ್ನು ಕುಣಿಸುವುದು ಮಾತ್ರ ಬರುತ್ತಿರಲಿಲ್ಲ.

"ನಾಲ್ಕಕ್ಕೆ ತಿರುಗೋ, ನಾಲ್ಕಕ್ಕೆ!" ಎಂದು ಓಡೀಲ್ ಡ್ರಮ್ಮಿನ ಹಿಂದಿನಿಂದ ಕೂಗಿದಳು.

"ನೀನ್ ಸರಿಯಾಗ್ ಹೊಡೆದ್ರೆ ನಾನ್ ಸರಿಯಾಗ್ ತಿರುಗ್ತೀನಿ!"

ಅವಳು ಕೋಲೆತ್ತಿ ಹಿಡಿದು ಅವನ ಕಾಲು ಸರಿಯಾದ ಜಾಗಕ್ಕೆ ಬರುವವರೆಗೆ ಕಾದಳು. ಇಡೀ ಬ್ಯಾಂಡು ಅವಳ ಜೊತೆ ಕಾಯಿತು. ಕಾಲು ಬಂತು, ಪೆಟ್ಟು ಬಿತ್ತು, ಕ್ಲೋವಿಸ್ ರೋಶೋನ್ ಜೀವಮಾನದಲ್ಲಿ ಮೊದಲ ಸಲ ಸರಿಯಾಗಿ ಒಂದು ಸುತ್ತು ತಿರುಗಿ ಎರಡೂ ಕಾಲಿನ ಮೇಲೆ ನಿಂತ.